ಕತ್ತಲ ಕಡಲು ಕಲಿಸಿದ ಉಸಿರು

2020ರ ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಅಪ್ಪ ತೀರಿಕೊಂಡಾಗ ನಾನು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದೆ. ಭಾರತಕ್ಕೆ ಬರುವ ಪ್ರಯಾಣಿಕ ವಿಮಾನಗಳು ಅದರ ಹಿಂದಿನ ತಿಂಗಳೇ ನಿಂತುಹೋಗಿದ್ದವು. ಹಿರಿಯ ಮಗನಾದ ನನ್ನ ಬದಲು ತಮ್ಮ ಚಿತೆಗೆ ಅಗ್ನಿಸ್ಪರ್ಶ ಮಾಡಿದ್ದನ್ನು ಮೊಬೈಲ್ ಪರದೆಯಲ್ಲಿ ನೋಡಿದೆ. ಮುಂದೆ ಒಂದೂವರೆ ವರ್ಷ ನಿದ್ದೆ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರೆ ಅದೇ ಪರದೆ ಕಾಣುತ್ತಿತ್ತು.

ಪಕ್ಕದ ಮನೆಯ, ಅರವತ್ತು ದಾಟಿದ ಮಹಿಳೆಯೊಬ್ಬರು ಒಂದು ನವೆಂಬರ್ ಸಂಜೆ ಕತ್ತಲಾದ ಮೇಲೆ ನನ್ನನ್ನು ಸ್ಯಾಂಡಿಕೋವ್‌ನ ‘ಫಾರ್ಟಿ ಫುಟ್’ಗೆ ಕರೆದೊಯ್ದರು. ಡಬ್ಲಿನ್ ಕೊಲ್ಲಿಯ ದಕ್ಷಿಣ ದಂಡೆಯಲ್ಲಿ, ಬಂಡೆಗಳ ನಡುವೆ ಇರುವ ಈ ಈಜುತಾಣ ಸಾಹಿತ್ಯಾಸಕ್ತರಿಗೆ ಅಪರಿಚಿತವೇನಲ್ಲ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ (1922) ಕಾದಂಬರಿ ಆರಂಭವಾಗುವುದು ಇಲ್ಲಿಯ ಮಾರ್ಟೆಲ್ಲೊ ಗೋಪುರದಲ್ಲಿ. ಬಹುಕಾಲ ಗಂಡಸರಿಗಷ್ಟೇ ಮೀಸಲೆನಿಸಿದ್ದ ಈ ನೀರಿಗೆ 1974ರಲ್ಲಿ ಮಹಿಳೆಯರು ಇಳಿದು ಪ್ರತಿಭಟಿಸಿದ್ದರು. ಈಗ ವರ್ಷವಿಡೀ ಎಲ್ಲರೂ ಬರುತ್ತಾರೆ. ನಡುಚಳಿಗಾಲದಲ್ಲಿ ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುತ್ತದೆ.

ಮೆಟ್ಟಿಲಿನ ಕಂಬಿ ಹಿಡಿದು ಎದೆಮಟ್ಟ ಇಳಿದೊಡನೆ ಉಸಿರು ತನ್ನಷ್ಟಕ್ಕೆ ತಾನೇ ಒಳಸೆಳೆಯಿತು. ಚರ್ಮ ದಿಢೀರನೆ ತಣ್ಣಗಾದಾಗ ಏದುಸಿರು ಬರುತ್ತದೆ, ಎದೆಬಡಿತ, ರಕ್ತದೊತ್ತಡ ಏರುತ್ತವೆ. ಈ ಆಘಾತ ಎರಡು ಮೂರು ನಿಮಿಷಗಳಲ್ಲಿ ತಗ್ಗುತ್ತದೆ. ಅಲ್ಲಿಯವರೆಗೆ ಈಜಬಾರದು, ತಲೆ ಮೇಲಿಟ್ಟು, ನಿಶ್ವಾಸವನ್ನು ನಿಧಾನಗೊಳಿಸಬೇಕು. ಕತ್ತಲೆಯಲ್ಲಿ ನೋಡುವುದಕ್ಕೂ ಏನೂ ಇಲ್ಲ: ಕೊಲ್ಲಿಯಾಚೆ ಹೌತ್‌ನ ದೀಪಸ್ತಂಭ ಮಿನುಗಿ ಮರೆಯಾಗುತ್ತದೆ, ಅಷ್ಟೆ. ಕುಳಿತಲ್ಲಿ ತಿಂಗಳುಗಟ್ಟಲೆ ಯತ್ನಿಸಿಯೂ ನಿಲ್ಲದ ಮನಸ್ಸು ಅಂದು ಉಸಿರಿನ ಮೇಲೆ ನಿಂತಿತು. ನಿಲ್ಲದೆ ಅದಕ್ಕೆ ಗತಿಯಿರಲಿಲ್ಲ.

ಉಸಿರನ್ನು ಗಮನಿಸುವ ಆನಾಪಾನಸತಿ ಬುದ್ಧನ ಬೋಧನೆಯಷ್ಟು ಹಳೆಯದು. 1979ರಲ್ಲಿ ಅಮೆರಿಕದ ಜಾನ್ ಕಬಾತ್-ಜಿನ್ ಅಂಥ ಅಭ್ಯಾಸಗಳನ್ನು ಆಸ್ಪತ್ರೆಯ ಅಂಗಳಕ್ಕೆ ತಂದು ‘ಮೈಂಡ್‌ಫುಲ್‌ನೆಸ್’ ತರಬೇತಿ ರೂಪಿಸಿದರು. ಶೀತಲ ಕಡಲಿನ ಈಜನ್ನೂ ಈಗ ಆ ಸಾಲಿಗೆ ಸೇರಿಸುವವರಿದ್ದಾರೆ. ಖಿನ್ನತೆಯಿಂದ ಬಳಲುತ್ತಿದ್ದ 24 ವರ್ಷದ ಯುವತಿಯೊಬ್ಬಳು ಇಂಥ ಈಜಿನಿಂದ ಚೇತರಿಸಿಕೊಂಡ ವರದಿಯನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು 2018ರಲ್ಲಿ ಪ್ರಕಟಿಸಿತು. ಆದರೆ ಒಬ್ಬ ರೋಗಿಯ ಅನುಭವ ಎಲ್ಲರ ಮದ್ದಾಗದು. ನನ್ನ ಅನುಭವಕ್ಕೂ ಈ ಮಾತು ಅನ್ವಯಿಸುತ್ತದೆ.

ಅಪಾಯವನ್ನು ಮರೆತು ಇದನ್ನು ಹೊಗಳುವುದು ಬೇಜವಾಬ್ದಾರಿ. ಒಂದು ರಾತ್ರಿ ಹಿತವೆನಿಸಿ ಐದಾರು ನಿಮಿಷ ಹೆಚ್ಚು ಉಳಿದೆ. ದಡ ಸೇರಿದ ಮೇಲೆ ಅಂಗಿಯ ಗುಂಡಿ ಹಾಕಲು ಬೆರಳುಗಳು ಒಪ್ಪಲಿಲ್ಲ. ನಡುಕ ಅರ್ಧ ಗಂಟೆ ನಿಲ್ಲಲಿಲ್ಲ. ನೀರಿನಿಂದ ಹೊರಬಂದ ಬಳಿಕವೂ ದೇಹದೊಳಗಿನ ಉಷ್ಣತೆ ಕೆಲಕಾಲ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಒಂಟಿಯಾಗಿ ಇಳಿಯಬಾರದು. ದೀಪವಿರುವ ತೇಲುಬುರುಡೆ ಸೊಂಟಕ್ಕಿರಬೇಕು. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಇತ್ತ ಸುಳಿಯಬಾರದು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಆಕೆಗೆ ಅಚ್ಚರಿಯಾಗಲಿಲ್ಲ. “ಮಾಘಸ್ನಾನ ಅಂದರೆ ಮತ್ತೇನು?” ಎಂದಳು. ಆಮೇಲೆ ಸ್ವಲ್ಪ ತಡೆದು, “ನೀರಿನಲ್ಲಿದ್ದಾಗ ಅಪ್ಪನ ನೆನಪು ಬರುತ್ತೇನೋ?” ಎಂದು ಕೇಳಿದಳು.

ಸುಳ್ಳು ಹೇಳಲಾಗಲಿಲ್ಲ. ಆ ಹತ್ತು ನಿಮಿಷ ಅಪ್ಪ ನೆನಪಾಗುವುದಿಲ್ಲ. ಮೈ ಒರೆಸಿಕೊಂಡು, ಬಂಡೆಯ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಕುಡಿಯುವಾಗ ಬರುತ್ತಾರೆ. ಈಗ ಪರದೆಯಲ್ಲಿ ಅಲ್ಲ; ತುಂಗೆಯ ಮೆಟ್ಟಿಲ ಮೇಲೆ ಪಂಚೆ ಎತ್ತಿ ಕಟ್ಟಿ, ಈಜು ಬಾರದ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿರುತ್ತಾರೆ.