ವ್ಯಾಪಾರದ ಚಿಂತೆ: ಬೇರು ಎಲ್ಲಿದೆ?

ಇಶಾ ನಮಾಝ್ ಮುಗಿಸಿ, ಊಟ ಮಾಡಿ ಮಲಗಿದರೂ ನಿದ್ದೆ ಹತ್ತುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ. ಎದೆಯುರಿ, ತಲೆನೋವು, ಮಕ್ಕಳು ಮಾತಾಡಿಸಿದರೆ ಸಿಡುಕು. ಅಂಗಡಿ ನಡೆಸುವ ಅನೇಕರು ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಾರೆ. ಕೆಲವರು ಅಂಗಡಿಗೆ ನಜರ್ ತಾಗಿದೆ ಎನ್ನುತ್ತಾರೆ. "ವ್ಯಾಪಾರ ಅಂದ ಮೇಲೆ ಚಿಂತೆ ಇದ್ದದ್ದೇ" ಎಂದು ಸುಮ್ಮನಾಗುವವರೂ ಇದ್ದಾರೆ.

ಚಿಂತೆ ಜ್ವರವಿದ್ದಂತೆ. ಒಳಗೆ ಏನೋ ಸರಿಯಿಲ್ಲ ಎಂದು ತಿಳಿಸುವ ಗುರುತು ಅದು. ಕಾರಣ ಹುಡುಕದೆ ಜ್ವರವನ್ನಷ್ಟೇ ಇಳಿಸಿದರೆ ಅದು ಮತ್ತೆ ಬರುತ್ತದೆ. ಚಿಂತೆ ತಿಂಗಳುಗಟ್ಟಲೆ ಉಳಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರಬಹುದು, ಸಕ್ಕರೆ ಕಾಯಿಲೆ ಇರುವವರಿಗೆ ಅದು ಹತೋಟಿ ತಪ್ಪಬಹುದು.

ಯಾಕೆ ಎಂದು ಕೇಳುತ್ತಾ ಹೋಗಿ

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಒಂದು ಪದ್ಧತಿ ಬೆಳೆದುಬಂತು. ಯಂತ್ರ ನಿಂತರೆ "ಯಾಕೆ?" ಎಂದು ಐದು ಸಲ ಕೇಳುವುದು. ಮೊದಲ ಉತ್ತರ ಸಾಮಾನ್ಯವಾಗಿ ಮೇಲುಮೇಲಿನದು, ನಿಜವಾದ ಕಾರಣ ಕೆಳಗಿರುತ್ತದೆ. ಇದು ಅಂಗಡಿಗೂ ಹೊಂದುತ್ತದೆ.

ಜೇವರ್ಗಿ ತಾಲೂಕಿನ ಅಂದೋಲಾದಂಥ ಊರಿನಲ್ಲಿ ನಿಮ್ಮದೊಂದು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ.

ನಿದ್ದೆ ಯಾಕಿಲ್ಲ? ಸೋಮವಾರ ಸಗಟು ವ್ಯಾಪಾರಿಗೆ ಹಣ ಕೊಡಬೇಕು, ಗಲ್ಲಾ ಖಾಲಿ.

ಗಲ್ಲಾ ಯಾಕೆ ಖಾಲಿ? ಮಾಲು ಖರ್ಚಾಗಿದೆ, ಆದರೆ ಬಹುಪಾಲು ಉದ್ರಿ.

ಉದ್ರಿ ಯಾಕೆ ಬಂದಿಲ್ಲ? ಗಿರಾಕಿಗಳು ರೈತರು, ಕೂಲಿಕಾರರು. ನಮ್ಮ ಭಾಗದ ತೊಗರಿ ಬಿತ್ತನೆ ಜೂನ್-ಜುಲೈನಲ್ಲಿ, ರಾಶಿ ಡಿಸೆಂಬರ್-ಜನವರಿಯಲ್ಲಿ. ಅವರ ಕೈಗೆ ಹಣ ಬರುವುದೇ ಆಗ. 2022ರ ಹಂಗಾಮಿನಂತೆ ನೆಟೆ ರೋಗ ಬಂದು ತೊಗರಿ ಒಣಗಿದರೆ ಆಗಲೂ ಬರುವುದಿಲ್ಲ.

ಹದಿನೈದು ದಿನಕ್ಕೆ ಹಣ ಕಟ್ಟುವ ಮಾಲನ್ನು ಆರು ತಿಂಗಳ ಉದ್ರಿಗೆ ಯಾಕೆ ಕೊಟ್ಟಿರಿ? ಒಟ್ಟು ಉದ್ರಿ ಎಷ್ಟಾಯಿತೆಂಬುದೇ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ? ಅರ್ಧ ಲೆಕ್ಕ ಪುಸ್ತಕದಲ್ಲಿ, ಅರ್ಧ ತಲೆಯಲ್ಲಿ. ಮನೆಯ ಖರ್ಚಿಗೆ, ತಂಗಿಯ ಮದುವೆಗೆ ಗಲ್ಲಾದಿಂದ ತೆಗೆದ ಹಣವನ್ನು ಬರೆದೇ ಇಲ್ಲ.

ಬೇರು ಇಲ್ಲಿದೆ. ನೀವು ಬೈಯುತ್ತಿದ್ದ ಗಿರಾಕಿಯಲ್ಲೂ ಅಲ್ಲ, ಎದುರಿಗೆ ಬಂದ ಹೊಸ ಅಂಗಡಿಯಲ್ಲೂ ಅಲ್ಲ. ಬೇರು ಸಿಕ್ಕರೆ ಕೆಲಸವೂ ಸಿಗುತ್ತದೆ. ಉದ್ರಿಗೆ ಒಂದು ಮಿತಿ ಹಾಕಿ. ಮನೆಗೆ ತಿಂಗಳಿಗೆ ಇಂತಿಷ್ಟೇ ಎಂದು ತೆಗೆಯಿರಿ. ಸಗಟು ವ್ಯಾಪಾರಿಯೊಂದಿಗೆ ಗಡುವು ಮುಗಿಯುವ ಮೊದಲೇ ಮಾತಾಡಿ. ಮಳೆ, ರೋಗ, ತೊಗರಿ ದರ ನಿಮ್ಮ ಕೈಯಲ್ಲಿಲ್ಲ. ಅವನ್ನು ಬೇರೆ ಹಾಳೆಯಲ್ಲಿ ಬರೆದು ಅಲ್ಲಾಹನಿಗೆ ಒಪ್ಪಿಸಿ. ನಮ್ಮ ಪಾಲಿನ ಕೆಲಸ ಮಾಡಿದ ಮೇಲಿನ ಭರವಸೆಯೇ ತವಕ್ಕುಲ್.

ಬರೆದಿಡುವುದು ಧರ್ಮದ ಮಾತೂ ಹೌದು

ಕುರ್‌ಆನ್‌ನ ಅತಿ ದೀರ್ಘ ಆಯತ್ ಅಲ್‌ಬಕರದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುತ್ತದೆ. ಅದಕ್ಕೆ ತುಸು ಮೊದಲು, 280ನೆಯ ಆಯತ್ ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕೆನ್ನುತ್ತದೆ. ಲೆಕ್ಕ ಬರೆದವರಿಗೆ ಯಾರಿಗೆ ಎಷ್ಟು ಸಮಯ ಕೊಡಬಹುದೆಂದು ತಿಳಿಯುತ್ತದೆ.

ಪ್ರವಾದಿ ಮುಹಮ್ಮದ್(ಸ) ನಮಾಝ್‌ನಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ಸಾಲಕ್ಕೆ ಬಿದ್ದವನು ಸುಳ್ಳಾಡುವ, ಕೊಟ್ಟ ಮಾತಿಗೆ ತಪ್ಪುವ ಸ್ಥಿತಿಗೆ ಬರುತ್ತಾನೆ ಎಂಬುದು ಅವರು ಹೇಳಿದ ಕಾರಣ. ಫೋನ್ ಬಂದರೆ "ಊರಲ್ಲಿಲ್ಲ ಅಂತ ಹೇಳು" ಎಂದು ಮಗನಿಗೆ ಹೇಳಿದ ದಿನ ಮನಸ್ಸು ಎಷ್ಟು ಕುಗ್ಗುತ್ತದೆಂಬುದು ಅನುಭವಿಸಿದವರಿಗೆ ಗೊತ್ತು.

ಆದ್ದರಿಂದ ಮುಚ್ಚಿಡಬೇಡಿ. ಲೆಕ್ಕದ ಪುಸ್ತಕವನ್ನು ಪತ್ನಿಯ ಮುಂದೆ ತೆರೆಯಿರಿ. ಗೃಹಿಣಿಯರೇ, ಆ ಹೊತ್ತಿನಲ್ಲಿ "ಮೊದಲೇ ಹೇಳಿರಲಿಲ್ಲವೇ" ಎನ್ನದೆ ಕೂತು ಕೇಳಿ. ಸಾಲದಲ್ಲಿ ಮುಳುಗಿ ತೀರಿಸಲಾಗದವರು ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಒಂದು. ಅಂಥವರು ಜಮಾಅತ್‌ನ ಹಿರಿಯರ ಬಳಿ ಹೋಗಲು ನಾಚಬೇಕಿಲ್ಲ. ಕಿರುಸಾಲ ಸಂಸ್ಥೆಯವರೋ ಬಡ್ಡಿ ವ್ಯಾಪಾರಿಯೋ ಬೆದರಿಸಿ ವಸೂಲಿಗಿಳಿದರೆ 2025ರ ರಾಜ್ಯ ಕಾನೂನಿನ ಪ್ರಕಾರ ಅದು ಅಪರಾಧ. ಪೊಲೀಸರಿಗೆ ದೂರು ಕೊಡಬಹುದು.

ವೈದ್ಯರ ಬಳಿ ಯಾವಾಗ?

ಎದೆನೋವನ್ನು ಎಂದೂ ಚಿಂತೆಯ ಲೆಕ್ಕಕ್ಕೆ ಹಾಕಬೇಡಿ. ಎದೆ ಬಿಗಿದು ಬೆವರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಿಪಿ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇವುಗಳ ತೊಂದರೆಯೂ ಚಿಂತೆಯಂತೆ ಕಾಣಬಹುದು. ರಾತ್ರಿಯ ಚಹಾ, ಗುಟ್ಕಾ, ಬೀಡಿ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತವೆ.

ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ, ಅಂಗಡಿಯ ಬಾಗಿಲು ತೆರೆಯುವ ಮನಸ್ಸೇ ಇಲ್ಲದಿದ್ದರೆ ಅದು ಕಾಯಿಲೆ ಇರಬಹುದು. ಈಮಾನ್ ಕಡಿಮೆಯಾದದ್ದರ ಗುರುತಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡವೆನಿಸಿದರೆ ಒಂದು ಗಳಿಗೆಯೂ ಕಾಯಬೇಡಿ. ಮನೆಯವರಿಗೆ ಹೇಳಿ, ಈ ನಂಬರಿಗೆ ಫೋನ್ ಮಾಡಿ.

ಇಂದು ಅಂಗಡಿ ಮುಚ್ಚಿದ ಮೇಲೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಹೆಚ್ಚು ಕಾಡುವ ಒಂದೇ ಚಿಂತೆ ಬರೆಯಿರಿ. ಕೆಳಗೆ "ಯಾಕೆ?" ಎಂದು ಬರೆದು ಉತ್ತರ ಹುಡುಕಿ.