ಜ್ಯೂರಿಯನ್ನು ಕೊಂದದ್ದು ನಾನಾವತಿಯಲ್ಲ

ಭಾರತದ ನ್ಯಾಯಾಲಯಗಳಲ್ಲಿ ಜ್ಯೂರಿ ಏಕಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ನಾನಾವತಿ ಪ್ರಕರಣ. 2016ರ ಹಿಂದಿ ಚಿತ್ರ ‘ರುಸ್ತುಂ’ಗೂ ಆಧಾರವಾದ ಈ ಕಥೆ ಜನಪ್ರಿಯ, ಉತ್ತರ ಮಾತ್ರ ಅರ್ಧಸತ್ಯ.

ಕಾನೂನು ಓದದ ಸಾಮಾನ್ಯ ನಾಗರಿಕರು ಸಾಕ್ಷ್ಯಗಳನ್ನು ಆಲಿಸಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಣಯಿಸುವುದೇ ಜ್ಯೂರಿ ಪದ್ಧತಿಯ ತಿರುಳು. ಕಾನೂನನ್ನು ವಿವರಿಸುವುದು, ಶಿಕ್ಷೆ ವಿಧಿಸುವುದು ನ್ಯಾಯಾಧೀಶರ ಹೊಣೆ. ಇಂಗ್ಲೆಂಡಿನಲ್ಲಿ 1670ರಲ್ಲಿ ವಿಲಿಯಂ ಪೆನ್‌ನನ್ನು ಶಿಕ್ಷಿಸಲೊಪ್ಪದ ಜ್ಯೂರಿ ಸದಸ್ಯರಿಗೆ ದಂಡ ವಿಧಿಸಿ ಸೆರೆಯಲ್ಲಿಡಲಾಯಿತು. ಬುಷೆಲ್ ಎಂಬ ಸದಸ್ಯ ಅದನ್ನು ಪ್ರಶ್ನಿಸಿ ಗೆದ್ದ ಮೇಲೆ, ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲ ಎಂಬ ತತ್ವ ಅಲ್ಲಿ ನೆಲೆಯೂರಿತು.

ಬ್ರಿಟಿಷರು ಇಲ್ಲಿಗೆ ತಂದ ಜ್ಯೂರಿಗೆ ಆ ಬಲವಿರಲಿಲ್ಲ. ಜಿಲ್ಲೆಗಳ ಪೈಕಿ ಯಾವುದರಲ್ಲಿ, ಯಾವ ಅಪರಾಧಗಳಿಗೆ ಜ್ಯೂರಿ ಇರಬೇಕೆಂಬುದು ಪ್ರಾಂತ ಸರ್ಕಾರದ ಇಚ್ಛೆಗೆ ಬಿಟ್ಟದ್ದಾಗಿತ್ತು. ಉಳಿದೆಡೆ ಅಸೆಸರುಗಳಿದ್ದರು, ಅವರ ಅಭಿಪ್ರಾಯಕ್ಕೆ ನ್ಯಾಯಾಧೀಶರು ಕಟ್ಟುಬೀಳಬೇಕಿರಲಿಲ್ಲ. ಇನ್ನು ಜನಾಂಗದ ಪ್ರಶ್ನೆ. 1908ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ರಾಜದ್ರೋಹ ಮೊಕದ್ದಮೆಯನ್ನು ಆಲಿಸಿದ 9 ಮಂದಿಯಲ್ಲಿ 7 ಜನ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು 7–2. ತಿಲಕರು 6 ವರ್ಷ ಮಾಂಡಲೆಯ ಸೆರೆಗೆ ಹೋದರು. ಸಮಾನಸ್ಕಂಧರಿಂದ ವಿಚಾರಣೆ ಎಂಬ ಮಾತು ಇಲ್ಲಿ ಅಣಕದಂತೆ ಕೇಳಿಸುತ್ತದೆ.

ಈಗ ನಾನಾವತಿ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ 1959ರ ಏಪ್ರಿಲ್ 27ರಂದು ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದ ಆರೋಪ ಎದುರಿಸಿದ. ಹೊಯ್ದಾಟದಲ್ಲಿ ಆಕಸ್ಮಿಕವಾಗಿ ಗುಂಡು ಹಾರಿತೆಂಬುದು ಆತನ ವಾದ. ‘ಬ್ಲಿಟ್ಜ್’ ವಾರಪತ್ರಿಕೆ ಬಹಿರಂಗವಾಗಿಯೇ ಆತನ ಪರ ನಿಂತಿತ್ತು. ಜ್ಯೂರಿ 8–1ರಿಂದ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಇದನ್ನೊಪ್ಪದೆ, 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮಿನಡಿ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆಯಿಂದ ಹೊರಟು ಹಡಗಿನಿಂದ ರಿವಾಲ್ವರ್ ಪಡೆದು ಅಹುಜಾನ ಮನೆ ಸೇರುವ ವೇಳೆಗೆ ಸುಮಾರು 3 ಗಂಟೆ ಕಳೆದಿದ್ದರಿಂದ, ಹಠಾತ್ ಪ್ರಚೋದನೆಯ ರಕ್ಷಣೆ ಸಲ್ಲದು ಎಂದಿತು.

ಜನಪ್ರಿಯ ಕಥನ ಮರೆಯುವ ಸಂಗತಿಯೊಂದಿದೆ. ಮೇಲಿನ ನ್ಯಾಯಾಲಯಗಳು ದೋಷ ಕಂಡದ್ದು ಜ್ಯೂರಿಯಲ್ಲಿ ಮಾತ್ರವಲ್ಲ. ಆಕಸ್ಮಿಕವೆಂಬ ವಾದವನ್ನು ಸಿದ್ಧಪಡಿಸುವ ಭಾರ ಆರೋಪಿಯ ಮೇಲಿದೆ ಎಂಬಂಥ ಮುಖ್ಯ ಅಂಶಗಳನ್ನು ನ್ಯಾಯಾಧೀಶರೇ ಜ್ಯೂರಿಗೆ ಸರಿಯಾಗಿ ತಿಳಿಸಿರಲಿಲ್ಲ. ಪಾಠ ಹೇಳದೆ ಪರೀಕ್ಷೆಯಲ್ಲಿ ಫೇಲು ಮಾಡಿದಂತಾಯಿತು! ಆದರೂ ಅಪಕೀರ್ತಿ ಉಳಿದದ್ದು ಆ ಎಂಟು ಜನರ ಪಾಲಿಗೆ. ಶಿಕ್ಷಿತನಾದ ನಾನಾವತಿಗೆ 1964ರಲ್ಲಿ ರಾಜ್ಯಪಾಲರ ಕ್ಷಮಾದಾನ ದೊರೆಯಿತು.

ಜ್ಯೂರಿಯ ಅವಸಾನವಾದರೋ ಮೊದಲೇ ಆರಂಭವಾಗಿತ್ತು. ಅಸೆಸರುಗಳು 1955ರ ತಿದ್ದುಪಡಿಯಲ್ಲಿ ಹೋದರು. ಗುಂಡು ಹಾರುವ ಮುನ್ನಾ ವರ್ಷವೇ, 1958ರಲ್ಲಿ, ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿಯ ರದ್ದತಿಗೆ ಶಿಫಾರಸು ಮಾಡಿತ್ತು. ಅತ್ತ ನಾನಾವತಿಯ ನಂತರವೂ ಕೆಲವೆಡೆ ಜ್ಯೂರಿ ವಿಚಾರಣೆಗಳು ನಡೆದವು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇಲ್ಲ.

ಒಂದು ಕುರುಹು ಮಾತ್ರ ಉಳಿದಿದೆ. 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆಯಡಿ ದಾಂಪತ್ಯ ವ್ಯಾಜ್ಯಗಳಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ಪ್ರತಿನಿಧಿಗಳು ಕೂರುತ್ತಾರೆ. ಮೊದಲು 7 ಇದ್ದ ಅವರ ಸಂಖ್ಯೆಯನ್ನು 1988ರಲ್ಲಿ 5ಕ್ಕೆ ಇಳಿಸಲಾಯಿತು.