ಅಶ್ಮಪುಷ್ಪ ವಿಚಾರ

ಅಮರಕೋಶದ ವನೌಷಧಿವರ್ಗದಲ್ಲಿ ಕಾಲಾನುಸಾರ್ಯ, ವೃದ್ಧ, ಅಶ್ಮಪುಷ್ಪ, ಶೀತಶಿವ, ಶೈಲೇಯ ಎಂಬ ಐದು ಶಬ್ದಗಳು ಏಕಾರ್ಥಕವಾಗಿ ಪಠಿತವಾಗಿವೆ. ಇವಕ್ಕೆ ‘ಒಂದು ಗಂಧದ್ರವ್ಯ’ ಎಂದಷ್ಟೇ ಅರ್ಥ ಹೇಳಿ ಮುಂದೆ ಸಾಗುವುದುಂಟು. ಕೆಲವರು ಶೈಲೇಯವನ್ನು ಶಿಲಾಜತುವೆಂದೇ ಭಾವಿಸುವರು. ಇದು ಯೋಗಾರ್ಥವೊಂದನ್ನೇ ನೆಚ್ಚಿದುದರ ಫಲ. ಶಿಲೆಯಲ್ಲಿ ಹುಟ್ಟಿದುದೆಲ್ಲವೂ ಒಂದೇ ವಸ್ತುವಾಗಲಾರದು. ಶಿಲಾಜತುವು ಬಂಡೆಯಿಂದ ಒಸರುವ ಕಪ್ಪು ಅಂಟು. ಅದನ್ನು ಅಮರಸಿಂಹನು ವೈಶ್ಯವರ್ಗದಲ್ಲಿ ಹರಿತಾಳದ ಬಳಿ ಇರಿಸಿ, ಶೈಲೇಯವನ್ನು ಸಸ್ಯಗಳ ನಡುವೆ ಪಠಿಸಿರುವುದೇ ಭೇದಕ್ಕೆ ಸಾಕಾದ ಪ್ರಮಾಣ.

ವೈದ್ಯರು ಶೈಲೇಯವೆಂದು ಗ್ರಹಿಸುವುದು ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಕಲ್ಲುಹೂವನ್ನು. ಇದು ಹೂವಲ್ಲ, ಕಲ್ಲಿನ ಮೇಲಿಗಿಂತ ಮರದ ತೊಗಟೆಯ ಮೇಲೆಯೇ ಹೆಚ್ಚಾಗಿ ಬೆಳೆಯುವುದರಿಂದ ಹೆಸರಿನ ಎರಡು ಪದಗಳೂ ಉಪಚಾರೋಕ್ತಿಗಳೇ ಸರಿ. ಪಾಶ್ಚಾತ್ಯರು ಲೈಕೆನ್ ಎನ್ನುವ ಈ ವರ್ಗದ ಜೀವಿಯು ಒಂದಲ್ಲ, ಶಿಲೀಂಧ್ರವೂ ಹಾವಸೆಯೂ ಕೂಡಿ ಬಾಳುವ ಸಂಸಾರವೆಂಬುದನ್ನು ಸ್ವಿಸ್ ವಿದ್ವಾಂಸನಾದ ಶ್ವೆಂಡೆನರನು ೧೮೬೭ರಲ್ಲಿ ಪ್ರತಿಪಾದಿಸಿದನು. ಶಿಲೀಂಧ್ರವು ಆಶ್ರಯವನ್ನೀಯುವುದು, ಹಾವಸೆಯು ಬೆಳಕಿನಿಂದ ಅನ್ನವನ್ನು ಸಿದ್ಧಪಡಿಸುವುದು.

ಕಲ್ಲುಹೂವಿನಲ್ಲಿ ಮುಖ್ಯವೆಂದು ಗಣಿತವಾದ ಪ್ರಭೇದವನ್ನು ಹಡ್ಸನ್ ಎಂಬ ಆಂಗ್ಲ ಪಂಡಿತನು ೧೭೬೨ರಲ್ಲಿ ಮೊದಲು ವರ್ಣಿಸಿದನು. ಬಹುಕಾಲ ಪಾರ್ಮೀಲಿಯ ಪರ್ಲೇಟ ಎಂದು ಕರೆಯಲ್ಪಟ್ಟ ಇದಕ್ಕೆ ಈಗ ಪಾರ್ಮೊಟ್ರೀಮ ಪರ್ಲೇಟಂ ಎಂದು ಹೆಸರು. ಮೇಲ್ಮೈ ಬೂದುಬಣ್ಣ, ಹಾಳೆಗಳು ಅಗಲ, ತುದಿ ದುಂಡು. ಅಂಚು ಅಲೆಯಲೆಯಾಗಿ ಮೇಲೆದ್ದು, ಅದರ ಮೇಲೆ ಹಿಟ್ಟು ಉದುರಿಸಿದಂತಹ ಪುಡಿಯಿರುವುದು. ಈ ಪುಡಿಯ ಕಣಕಣದಲ್ಲಿಯೂ ಶಿಲೀಂಧ್ರ, ಹಾವಸೆ ಎರಡೂ ಇರುವುದರಿಂದ ಅದು ಗಾಳಿಗೆ ಹಾರಿ ಬೇರೆಡೆ ಹೊಸದಾಗಿ ಬೆಳೆಯಬಲ್ಲುದು. ಅಂಚಿನಲ್ಲಿ ಕಪ್ಪು ಕಿರುಗೂದಲುಗಳುಂಟು. ಅಡಿಭಾಗ ನಡುವೆ ಕಪ್ಪು, ಅಂಚಿಗೆ ಕಂದು. ಬಟ್ಟಲಿನಾಕಾರದ ಫಲಾಂಗಗಳು ಅಪರೂಪ.

ಆದರೆ ಅಂಗಡಿಯ ಒಂದು ಹಿಡಿಯಲ್ಲಿ ಇದೊಂದೇ ಇರುವುದೆಂದು ನಂಬುವಂತಿಲ್ಲ. ಕಾಲುವೆಯಂತೆ ಮಡಿಚಿದ ಸಪೂರ ಹಾಳೆಗಳೂ ಉದ್ದ ಕೂದಲುಗಳೂ ಉಳ್ಳ ಹೈಪೊಟ್ರಾಕಿನ ಸಿರ್ರೇಟ, ಮೇಲ್ಮೈಯಲ್ಲಿ ಸೂಕ್ಷ್ಮವಾದ ಬಲೆಯ ಗೆರೆಗಳುಳ್ಳ ಪಾರ್ಮೊಟ್ರೀಮ ರೆಟಿಕ್ಯುಲೇಟಂ ಮೊದಲಾದುವೂ ಬೆರೆತಿರುವುವು. ಹೀಗಿರಲಾಗಿ ಶೈಲೇಯಶಬ್ದವನ್ನು ಒಂದೇ ಪ್ರಭೇದಕ್ಕೆ ಕಟ್ಟಿಹಾಕುವುದು ಸಾಹಸವೇ; ಕೋಶಕಾರನು ಹೆಸರಿಸಿದುದು ವ್ಯವಹಾರದಲ್ಲಿದ್ದ ದ್ರವ್ಯವನ್ನು.

ಪ್ರಭೇದನಿರ್ಣಯ ಬೇಕೆಂಬವರಿಗೆ ಕಣ್ಣೊಂದೇ ಸಾಲದು. ನೈಲಾಂಡರನು ೧೮೬೬ರಲ್ಲಿ ತೋರಿಸಿದ ವರ್ಣಪರೀಕ್ಷೆಯುಂಟು. ಹಾಳೆಯ ಮೇಲ್ಪೊರೆಯನ್ನು ಕೆರೆದು ಒಳಗಿನ ಬಿಳಿಯ ಭಾಗಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರವವನ್ನು ಒಂದು ತೊಟ್ಟು ಬಿಟ್ಟರೆ, ಪರ್ಲೇಟಂ ಹಳದಿಯಾಗಿ ಕಿತ್ತಿಳೆಗೆ ತಿರುಗುವುದು. ಉಳಿದೆರಡೂ ಹಳದಿಯಾಗಿ ಅನಂತರ ರಕ್ತವರ್ಣವಾಗುವುವು.